ಕುಂಕುಮವಿಟ್ಟ ಪಟ

ನೌಕೆಯಲ್ಲಿ ಇನ್ನೊಂದೇ ಒಂದು ತಿರುವಿಗೆ ಸಾಲುವಷ್ಟು ಇಂಧನವಿತ್ತು. ಕಿಟಕಿಯಾಚೆ ಬಲಕ್ಕೊಂದು, ಎಡಕ್ಕೊಂದು ಗೆಲಾಕ್ಸಿ. ಎರಡರ ಹೊಟ್ಟೆಯಲ್ಲೂ ಬೆಳಕಿನ ಅಡ್ಡಪಟ್ಟಿ, ಪಟ್ಟಿಯ ತುದಿಗಳಿಂದ ಸುತ್ತಿಕೊಂಡ ತೋಳುಗಳು. ಅವುಗಳಲ್ಲಿ ಒಂದು ಮಾತ್ರ ಮನೆ.

ನಕ್ಷೆಗಳೆಲ್ಲ ಎಂದೋ ಸುಟ್ಟುಹೋಗಿದ್ದವು. ಗುರುತಿಗೆ ಉಳಿದದ್ದು ಭೂಮಿ ಬಿಟ್ಟು ಬಂದ ಹಿರಿಯರು ಗೋಡೆಗೆ ತೂಗುಹಾಕಿದ್ದ ಗೆಲಾಕ್ಸಿಯ ಪಟ. ಏಳು ತಲೆಮಾರಿನವರು ದಿನಾ ಅದಕ್ಕೆ ಕುಂಕುಮವಿಟ್ಟು, ಇದೇ ನಮ್ಮ ಮನೆ ಎಂದು ಮಕ್ಕಳಿಗೆ ತೋರಿಸಿದ್ದರು.

"ಬಲಗಡೇದೇ ಕಣೋ. ಪಟದಲ್ಲಿರೋ ಹಾಗೇ ಒಂದು ತೋಳು ಸೀಳಿದೆ ನೋಡು," ಎಂದಳು ನೌಕೆ ನಡೆಸುತ್ತಿದ್ದ ಅಕ್ಕ.

"ಎಡಗಡೇದನ್ನೂ ಇನ್ನೊಂದ್ಸಲ ನೋಡಕ್ಕಾ," ಎಂದ ತಮ್ಮ. "ತಪ್ಪಿದ್ರೆ ನೌಕೇಲಿರೋ ಅಷ್ಟೂ ಜನ ಇಲ್ಲೇ ಸಾಯ್ತೀವಿ."

"ಎಷ್ಟು ಸಲ ನೋಡ್ಲೋ? ಹುಟ್ಟಿದಾಗಿಂದ ಈ ಪಟಾನೇ ನೋಡ್ತಿದೀನಿ. ಒಂದು ಗೆರೇನೂ ವ್ಯತ್ಯಾಸ ಇಲ್ಲ."

ಅವಳು ನೌಕೆಯನ್ನು ಬಲಕ್ಕೆ ತಿರುಗಿಸಿದಳು. ಇಂಧನದ ಮುಳ್ಳು ಸೊನ್ನೆಗೆ ಬಂದು ನಿಂತಿತು.

ನೀರನ್ನು ಗುಟುಕು ಲೆಕ್ಕದಲ್ಲಿ ಹಂಚುವ ಆ ನೌಕೆಯಲ್ಲಿ ಪಟವನ್ನು ಯಾರೂ ಒಮ್ಮೆಯೂ ತೊಳೆದಿರಲಿಲ್ಲ. ಮನೆಗೆ ಹೊರಟ ಸಡಗರಕ್ಕೆ ಅವಳು ತನ್ನ ಪಾಲಿನ ನೀರಲ್ಲಿ ಬಟ್ಟೆ ಅದ್ದಿ, ಪಟದ ಬುಡದಲ್ಲಿ ಗಟ್ಟಿಕಟ್ಟಿದ್ದ ಕುಂಕುಮವನ್ನು ಒರೆಸಿದಳು. ಕೆಳಗೆ ಅಕ್ಷರಗಳು ಕಾಣಿಸಿದವು.

"ಏನು ಬರ್ದಿದಾರಕ್ಕಾ?"

ಅವಳು ಓದಿದಳು: "ಭೂಮಿಯಿಂದ ತೆಗೆದ, ದೂರದ ಗೆಲಾಕ್ಸಿಯೊಂದರ ಚಿತ್ರ. ಹೊರಗಿನಿಂದ ನೋಡಿದರೆ ನಮ್ಮದೂ ಹೀಗೇ ಕಾಣಬಹುದು."