ಬೈ ಟೂ ಕಾಫಿ

ಹೋಟೆಲಿನ ಮೂಲೆ ಮೇಜಿಗೆ ಒಬ್ಬ ಮುದುಕರೂ ಒಬ್ಬ ವಯಸ್ಸಾದ ಹೆಂಗಸೂ ದಿನಾ ಸಂಜೆ ಬರುತ್ತಿದ್ದರು. ಒಂದೇ ಕಾಫಿಯನ್ನು ಎರಡು ಲೋಟದಲ್ಲಿ ತರಿಸಿ, ಮಾತಿಲ್ಲದೆ ಕುಡಿದು ಏಳುತ್ತಿದ್ದರು. ಬೋರ್ಡಿನಲ್ಲಿ ಇಪ್ಪತ್ತಿದ್ದ ಕಾಫಿ ಇಪ್ಪತ್ತೈದಾಯಿತು, ಮೂವತ್ತಾಯಿತು. ಅವರ ಬೈ ಟೂ ತಪ್ಪಲಿಲ್ಲ. ಮದುವೆಯಾಗಿ ಬಹಳ ವರ್ಷವಾದರೆ ಹೀಗೇ ಇರಬೇಕು ಎಂದು ಸಪ್ಲೈಯರ್ ವಾಸು ಅಂದುಕೊಂಡಿದ್ದ.

ಈ ವಾರವೆಲ್ಲ ಮುದುಕರು ಒಬ್ಬರೇ ಬಂದು, ಏನೂ ಕುಡಿಯದೆ ಎದ್ದು ಹೋದರು. ಇವತ್ತು ವಾಸು ಅವರ ಹತ್ತಿರ ಹೋಗಿ ನಿಂತ.

"ಅಮ್ಮ ಬರ್ಲಿಲ್ವಾ ಸಾರ್?"

"ಇಲ್ಲ."

"ಹುಷಾರಿಲ್ವಾ?"

"ಗೊತ್ತಿಲ್ಲ."

"ನಿಮಗೊಬ್ರಿಗೇ ಒಂದು ಫುಲ್ ಕಾಫಿ ತರ್ಲಾ?"

"ಬೇಡ."

"ಮನೇಲಿ ಏನಾದ್ರೂ ಜಗಳಾನಾ ಸಾರ್?"

"ಅವರ ಮನೆ ಎಲ್ಲಿದೆ ಅಂತ ನಂಗೇನು ಗೊತ್ತಪ್ಪ? ಹೆಸರೂ ಕೇಳಿಲ್ಲ. ಕಾಫಿ ಇಪ್ಪತ್ತಾದಾಗಿಂದ ಅರ್ಧರ್ಧ ಹಂಚ್ಕೋತಿದ್ವಿ, ಅಷ್ಟೆ. ಸ್ವಲ್ಪ ತಡಿ, ಇನ್ನರ್ಧಕ್ಕೆ ಯಾರಾದ್ರೂ ಬರ್ತಾರೆ."