ಪಾಲಾಗದ ಸ್ಪೀಕರು

ಅಪ್ಪ ಸತ್ತ ಮೇಲೆ ಆ ಮನೆಯಲ್ಲಿ ಪಾಲಾಗದೆ ಉಳಿದದ್ದು ಎರಡು ಸ್ಪೀಕರುಗಳು ಮಾತ್ರ. ಎದೆಯೆತ್ತರದ ತೇಗದ ಪೆಟ್ಟಿಗೆಗಳವು. ಒಂದೊಂದು ಹಂಚಿಕೊಂಡರೆ ಹಾಡು ಕೆಡುತ್ತಿತ್ತು. ಬಿಟ್ಟುಕೊಡಲು ಅಣ್ಣ ತಮ್ಮ ಇಬ್ಬರಿಗೂ ಮನಸ್ಸಿರಲಿಲ್ಲ. ಕೊನೆಗೆ ನಡುಮನೆಯಲ್ಲಿ ಅಣ್ಣನದೊಂದು, ತಮ್ಮ ನಾಗಭೂಷಣನದೊಂದು ಆಂಪ್ಲಿಫೈಯರ್ ಇಟ್ಟು, ನಡುವೆ ಒಂದು ಸ್ವಿಚ್ ಕೂರಿಸಿದರು. ಅದು ಯಾರ ಕಡೆ ತಿರುಗಿದೆಯೋ ಅವರ ಹಾಡು. ಮೊದಲು ತಿರುಗಿಸಿದವನು ಎದ್ದು ಹೋಗುವವರೆಗೆ ಇನ್ನೊಬ್ಬ ಮುಟ್ಟುವಂತಿಲ್ಲ.

ಈಚೆಗೆ ನಾಗಭೂಷಣ ಕೆಲಸ ಮುಗಿಸಿ ಬರುವಷ್ಟರಲ್ಲಿ ಅಣ್ಣ ಸ್ವಿಚ್ಚನ್ನು ತನ್ನ ಕಡೆ ತಿರುಗಿಸಿಕೊಂಡು ಕುರ್ಚಿಯಲ್ಲಿ ಕೂತುಬಿಟ್ಟಿರುತ್ತಿದ್ದ. ಊಟದ ಹೊತ್ತಿನವರೆಗೂ ಏಳುತ್ತಿರಲಿಲ್ಲ. ಹಾಡೂ ಇಲ್ಲ, ಸದ್ದೂ ಇಲ್ಲ. ನಾಗಭೂಷಣ ಹಲ್ಲುಕಚ್ಚಿ ಸಹಿಸಿದ. ಅವತ್ತು ಮಾತ್ರ ತಡೆಯಲಾಗಲಿಲ್ಲ.

“ಹಾಡು ಹಾಕೋದಾದ್ರೆ ಹಾಕು, ಇಲ್ಲಾಂದ್ರೆ ಏಳು. ಸ್ಪೀಕರ್ ಅಪ್ಪಂದು, ನಿನ್ನೊಬ್ಬನ ಸ್ವತ್ತಲ್ಲ.”

“ಮೊದಲು ಬಂದೋನು ನಾನು. ಏನಾದ್ರೂ ಮಾಡ್ಕೋತೀನಿ.”

“ನಿನ್ನ ಆಂಪ್ಲಿಫೈಯರಿನ ದೀಪಾನೇ ಉರೀತಿಲ್ವಲ್ಲ!”

“ಆಂಪ್ಲಿಫೈಯರೇ ಯಾವತ್ತೋ ಸುಟ್ಟುಹೋಯ್ತು.”

ಎಷ್ಟೋ ದಿನಗಳ ಮೇಲೆ ನಾಗಭೂಷಣನಿಗೆ ಅಣ್ಣನ ಮೇಲೆ ಮರುಕ ಹುಟ್ಟಿತು. ಅವನು ದನಿ ತಗ್ಗಿಸಿದ.

“ಒಂದು ಮಾತು ಹೇಳಬಾರದಿತ್ತಾ? ರಿಪೇರಿ ಮಾಡಿಸಿ ಕೊಡ್ತಿದ್ದೆ. ಹಾಡೇ ಇಲ್ಲದೆ ದಿನಾ ಹೀಗೆ ಯಾಕೆ ಕೂತ್ಕೋತೀಯ?”

ಅಣ್ಣ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿದ.

“ನೀನೂ ಹಾಡು ಕೇಳಬಾರದಲ್ಲ, ಅದಕ್ಕೆ.”