ದಿಂಬಿಗೆ ಹೇಳಿದ ಮಾತು

"ಈಗ ಬಂದು ಪರದೆ ಆಚೆ ನಿಂತಿರ್ತೀನಿ. ನಿನ್ನ ದನಿ ನನಗೆ ಕೇಳಬೇಕು. ನನಗೇನು, ಪಕ್ಕದ ಮಂಚದ ಅಜ್ಜಿಗೂ ಕೇಳಬೇಕು. ಇವತ್ತೂ ಬಾಯಿ ಬಿಡದಿದ್ರೆ ನಾಳೆಯಿಂದ ರೆಕಾರ್ಡ್ ರೂಮು. ಅಲ್ಲಿ ಫೈಲುಗಳು ನಿನ್ನನ್ನ ಮಾತಾಡ್ಸಲ್ಲ, ಆರಾಮಾಗಿರು," ಎಂದು ಹೇಳಿ ಹೆಡ್ ಸಿಸ್ಟರ್ ಔಷಧಿ ಕೋಣೆಯ ಕಡೆ ನಡೆದರು. ಪಕ್ಕದ ಮಂಚದ ಅಜ್ಜಿಗೆ ಎರಡೂ ಕಿವಿ ಮಂದ ಎಂಬುದು ವಾರ್ಡಿಗೆಲ್ಲ ಗೊತ್ತಿದ್ದ ವಿಷಯ.

ಹೊಸ ನರ್ಸ್ ಹುಡುಗಿ ತಲೆಯಾಡಿಸಿದಳು. ತಲೆಯಾಡಿಸುವುದರಲ್ಲಿ ಅವಳದು ಎತ್ತಿದ ಕೈ. ವಾರ್ಡಿನವರು ಸುಮ್ಮನೆ ಅವಳಿಗೆ ಮೌನಗೌರಿ ಎಂದು ಹೆಸರಿಟ್ಟಿರಲಿಲ್ಲ. "ನರ್ಸಿಂಗ್ ಒಳ್ಳೆ ಕೆಲಸ ಕಣೇ, ಎಲ್ಲ ಕೈಯಲ್ಲೇ, ಬಾಯಿಗೆ ರಜಾ" ಎಂದು ಚಿಕ್ಕಮ್ಮ ಹುರಿದುಂಬಿಸಿದ್ದಳು. ರೋಗಿಗಳೆಂದರೆ ಕಣ್ಣು ಮುಚ್ಚಿ ತೆಪ್ಪಗೆ ಮಲಗಿರುವವರು ಎಂದು ಇವಳೂ ನಂಬಿ ಅರ್ಜಿ ಹಾಕಿದ್ದಳು. ಅವರು ಕಣ್ಣು ಬಿಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಮುಟ್ಟುವ ಮೊದಲು ಪ್ರತಿಯೊಂದನ್ನೂ ಅವರಿಗೆ ಬಾಯಿಬಿಟ್ಟು ಹೇಳಬೇಕು ಎಂಬುದು ಯೂನಿಫಾರ್ಮ್ ಹೊಲಿಸಿದ ಮೇಲೆ ತಿಳಿದ ಸತ್ಯ.

ಅದರಲ್ಲೂ ಅವಳ ಪಾಲಿಗೆ ಬಂದವರು ಡ್ರಿಲ್ ಟೀಚರ್. ಶಾಲೆಯಿಂದ ನಿವೃತ್ತರಾಗಿದ್ದರೂ ಗಂಟಲು ಮಾತ್ರ ಇನ್ನೂ ಮೈದಾನದಲ್ಲೇ ಇತ್ತು. ಮಂಡಿಯ ಆಪರೇಷನ್ ಆದ ಮೇಲೆ, ಎದ್ದು ನಿಲ್ಲಿ ಎಂದವರನ್ನೆಲ್ಲ "ನನಗೇ ನಿಲ್ಲೋದು ಕಲಿಸ್ತೀರಾ?" ಎಂದು ಗದರಿ ಓಡಿಸಿದ್ದರು. ಇವತ್ತು ಅವರನ್ನು ಮಾತಾಡಿಸಿ ನಿಲ್ಲಿಸುವುದೇ ಪರೀಕ್ಷೆ.

ಪರದೆ ಸರಿಸಿ ಒಳಗೆ ಹೋದರೆ, ಪುಣ್ಯಕ್ಕೆ ಟೀಚರ್ ತಲೆತುಂಬ ಮುಸುಕೆಳೆದು ಮಲಗಿದ್ದರು. ನಿದ್ದೆ ಮಾಡುವವರ ಮುಂದೆ ಅವಳಷ್ಟು ಧೈರ್ಯವಂತೆ ಇನ್ನೊಬ್ಬಳಿಲ್ಲ. ಹೆಡ್ ಸಿಸ್ಟರ್ ಬರುವಷ್ಟರಲ್ಲಿ ಒಂದು ಸಲ ಒಪ್ಪಿಸಿ ನೋಡೋಣವೆಂದು, ಶಾಲೆಯ ಭಾಷಣ ಸ್ಪರ್ಧೆಯಲ್ಲಿ 'ಮಾನ್ಯರೇ' ಎಂದಷ್ಟೇ ಹೇಳಿ ವೇದಿಕೆ ಇಳಿದಿದ್ದ ಆ ವಾಗ್ಮಿ ಸ್ಟೂಲ್ ಎಳೆದುಕೊಂಡು ಕೂತಳು.

"ಟೀಚರ್, ಈಗ ನಿಮ್ಮನ್ನ ನಿಲ್ಲಿಸ್ತೀನಿ. ಹೆದರ್ಬೇಡಿ ಅಂತ ನಾನು ಹೇಳ್ಬೇಕು. ಆದ್ರೆ ನಿಮಗಿಂತ ನನಗೇ ಜಾಸ್ತಿ ಹೆದರಿಕೆ. ರೆಕಾರ್ಡ್ ರೂಮು ಅಂದಾಗ ಒಳಗೊಳಗೇ ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ? ಆಮೇಲೆ ಯಾಕೋ ನಿಮ್ಮ ನೆನಪಾಯ್ತು. ಬೆಳಿಗ್ಗೆ ಬಿಸಿನೀರಲ್ಲಿ ನಿಮ್ಮ ಬೆನ್ನು ಒರೆಸ್ತೀನಲ್ಲ, ಆಗ ನೀವು ನನ್ನನ್ನ ಬೈತಾ ಬೈತಾನೇ ಗೊರಕೆ ಹೊಡೀತೀರಿ. ಆ ಗೊರಕೆ ಕೇಳಿದ ದಿನ ನನಗೆ ಊಟ ರುಚಿಸುತ್ತೆ ಟೀಚರ್. ಫೈಲುಗಳು ಗೊರಕೆ ಹೊಡೆಯಲ್ಲ. ನನ್ನನ್ನ ಇಲ್ಲೇ ಉಳಿಸ್ಕೊಳ್ಳಿ." ಹೇಳುತ್ತ ಹೇಳುತ್ತ ಮೆಲ್ಲಗೆ ಭುಜ ತಟ್ಟಿದಳು. ಭುಜ ಮೆತ್ತಗೆ ಒಳಕ್ಕೆ ಹೋಯಿತು.

"ಮುಗೀತೇನಮ್ಮಾ?"

ಮಾತು ಬಂದದ್ದು ಬೆನ್ನ ಹಿಂದಿನಿಂದ. ಟಾಯ್ಲೆಟ್ ಕಡೆಯ ಪರದೆಯ ಸಂದಿಯಲ್ಲಿ, ವಾಕರ್ ಹಿಡಿದು, ಬೆವೆತು ನೀರಾಗಿ ಡ್ರಿಲ್ ಟೀಚರ್ ನಿಂತಿದ್ದರು. ಕಾಲುಗಳು ಗಡಗಡ ನಡುಗುತ್ತಿದ್ದವು. ಹೊದಿಕೆಯೊಳಗೆ ಉದ್ದಕ್ಕೆ ಮಲಗಿದ್ದವು ಎರಡು ದಿಂಬುಗಳು. ಜನ್ಮದಲ್ಲಿ ಮೊದಲ ಸಲ ಮನಸ್ಸು ಬಿಚ್ಚಿದ್ದು, ಅದೂ ಹತ್ತಿಯ ಮುಂದೆ!

"ಒಬ್ಬರೇ ಹೋಗಿ... ಬಿದ್ದಿದ್ರೆ?" ಓಡಿ ಹೋಗಿ ಕಂಕುಳಡಿ ಕೈಕೊಟ್ಟಳು. ಕೈಗಳಿಗೆ ಎಂದೂ ನಾಚಿಕೆ ಇರಲಿಲ್ಲ.

"ಬಿದ್ದಿದ್ರೆ ಯಾರೂ ನೋಡದ ಹಾಗೆ ಬಿದ್ದಿರ್ತಿದ್ದೆ, ಅಷ್ಟೇ." ಟೀಚರ್ ಮಂಚದ ಅಂಚಿಗೆ ಕುಸಿದು ಕೂತರು. "ಎಷ್ಟು ಮಕ್ಕಳಿಗೆ 'ನೆಟ್ಟಗೆ ನಿಲ್ಲು' ಅಂತ ಕಿವಿ ಹಿಂಡಿದೀನಿ ಗೊತ್ತಾ? ಈಗ ಈ ಕುಣಿತಾನ ಎಲ್ಲರ ಮುಂದೆ ತೋರಿಸ್ಲಾ? ಅದಕ್ಕೇ ಕದ್ದು ಪ್ರಾಕ್ಟೀಸ್. ನೋಡಿದ್ರೆ ನೀನೂ ನನ್ನ ಕ್ಲಾಸೇ." ಉಸಿರು ತೆಗೆದುಕೊಂಡು, "ಸರಿ, ಆ ದಿಂಬಿಗೆ ಹೇಳಿದ್ದನ್ನ ನನಗೆ ಹೇಳು. ಗೊರಕೆ ವಿಷಯ ಬಿಟ್ಟು," ಎಂದರು.

ಅಷ್ಟರಲ್ಲಿ ಪರದೆಯ ಕೆಳಗೆ ಹೆಡ್ ಸಿಸ್ಟರ್ ಅವರ ಬಿಳಿ ಶೂಗಳು ಬಂದು ನಿಂತವು. ಹುಡುಗಿ ಬಾಯಿ ತೆರೆದಳು. ಗಾಳಿ ಬಂತು, ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದಳು. ಅವಳ ಮನಸ್ಸು ಆಗಲೇ ರೆಕಾರ್ಡ್ ರೂಮಿನ ಧೂಳು ಹೊಡೆಯತೊಡಗಿತ್ತು.

ಟೀಚರ್ ಅವಳ ಮುಖ ನೋಡಿದರು, ಶೂಗಳನ್ನು ನೋಡಿದರು. ಆಮೇಲೆ ಹೊದಿಕೆಯೊಳಗಿಂದ ಒಂದು ದಿಂಬನ್ನು ಎಳೆದು, ಎರಡೂ ಕೈಯಲ್ಲಿ ಎತ್ತಿ ತಮ್ಮ ಮುಖಕ್ಕೆ ಅಡ್ಡ ಹಿಡಿದರು.

"ಈಗ?" ಎಂದಿತು ದಿಂಬು.

"ಟೀಚರ್! ಎರಡೂ ಪಾದ ನೆಲಕ್ಕೆ ಊರಿ! ನಾನು ಹಿಡ್ಕೊಂಡಿದೀನಿ, ಬೀಳಲ್ಲ ನೀವು. ಹೂಂ, ಏಳಿ!"

ಇಷ್ಟು ದೊಡ್ಡ ದನಿ ಯಾರದಪ್ಪಾ ಎಂದು ಅವಳೇ ಗಾಬರಿಯಿಂದ ಸುತ್ತ ನೋಡಿದಳು. ಪರದೆಯ ಕೆಳಗೆ ಬಿಳಿ ಶೂಗಳು ಅಲುಗಾಡಲಿಲ್ಲ. ಅವುಗಳ ಆಚೆ, ಪಕ್ಕದ ಮಂಚದಿಂದ, ಸುಕ್ಕುಗಟ್ಟಿದ ಎರಡು ಬರಿಗಾಲುಗಳು ವಿಧೇಯವಾಗಿ ಇಳಿದು ನೆಲಕ್ಕೆ ಊರಿದವು.